ಗಡಿ ದಾಟಿದ ಗಾಡಿ

ಪೀಣ್ಯದ ಬೋಲ್ಟ್ ಕಾರ್ಖಾನೆಯೊಂದರಲ್ಲಿ ‘ಬೇಡ’ ಅನ್ನುವುದೇ ಪಂಚಾಕ್ಷರಿಯವರ ಉದ್ಯೋಗ. ವರ್ನಿಯರ್ ಹಿಡಿದು ಅಳೆಯುತ್ತಾರೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ‘ರಿಜೆಕ್ಟ್’ ಎಂದು ಕೆಂಪು ಡಬ್ಬಕ್ಕೆ ಎಸೆಯುತ್ತಾರೆ. ಇಂಥ ನಿಷ್ಠುರ ಮನುಷ್ಯ ಓಡಿಸುವ ಬೈಕಿನಲ್ಲಿ ಮಾತ್ರ ಆ ಕೆಂಪು ಡಬ್ಬದಿಂದ ಎದ್ದು ಬಂದ ಬೋಲ್ಟುಗಳೇ ಜಾಸ್ತಿ. ಉಳಿದದ್ದನ್ನು ಬೈಂಡಿಂಗ್ ವೈರ್ ನೋಡಿಕೊಳ್ಳುತ್ತದೆ.

ಬೈಕು ಮದುವೆಯಲ್ಲಿ ಬಂದದ್ದು. ಅವರೇನೂ ಕೇಳಿರಲಿಲ್ಲ, ಬದುಕಿನಲ್ಲಿ ಅದೊಂದನ್ನು ಮಾತ್ರ ಬೇಡ ಅನ್ನಲಿಲ್ಲ, ಅಷ್ಟೆ. ರಾಣೆಬೆನ್ನೂರಿನ ಅತ್ತೆ ಚನ್ನಕ್ಕ ತಮ್ಮ ಹೆಸರಿನಲ್ಲೇ ಕೊಂಡು ಕೊಟ್ಟಿದ್ದರು. ಹೆಸರು ಬದಲಾಯಿಸಿಕೊಳ್ಳಿ ಎಂದು ಹೆಂಡತಿ ಮಹಾದೇವಿ ಹೇಳಿದಾಗಲೆಲ್ಲ “ಮುಂದಿನ ವಾರ ಕಣೇ” ಎನ್ನುತ್ತಿದ್ದರು. ಆ ಮುಂದಿನ ವಾರಕ್ಕೆ ಈಗ ಇಪ್ಪತ್ತೇಳು ವರ್ಷ ತುಂಬಿದೆ.

ಹೀಗಿರಲು, ಪಕ್ಕದ ಶೆಡ್ಡಿನಲ್ಲಿ ಪ್ಲೇಟಿಂಗ್ ಮಾಡುವ ಗೆಳೆಯ ರುದ್ರೇಶನಿಗೆ ಜ್ಞಾನೋದಯವಾಯಿತು: ಹಳೇ ಬೈಕುಗಳಲ್ಲೇ ನೇಪಾಳಕ್ಕೆ ಹೋಗಬೇಕು. ಸಿಂಗಸಂದ್ರದ ಸಾಫ್ಟ್‌ವೇರ್ ಮ್ಯಾನೇಜರ್ ಗುರುರಾಜ್ ಕೂಡಿಕೊಂಡ. ಅವನ ಬೈಕು ಕನ್ನಡಿಯಂತೆ ಹೊಳೆಯುತ್ತಿತ್ತು, ಓಡಿ ಅಭ್ಯಾಸವಿರಲಿಲ್ಲ. ರುದ್ರೇಶ್ ‘ಗಡಿ ದಾಟಿದ ಗಾಡಿ’ ಎಂದು ಮೂರು ಸ್ಟಿಕ್ಕರ್ ಮಾಡಿಸಿದ. ದಾಟಿದ ಮೇಲೇ ಅಂಟಿಸಬೇಕೆಂದು ಕರಾರು. ಪಂಚಾಕ್ಷರಿ ಟ್ಯಾಂಕಿನ ಮೇಲೆ ಅದಕ್ಕೆ ಅಳತೆ ಮಾಡಿ ಜಾಗ ಬಿಡಿಸಿದರು, ಇಡೀ ಕಾರ್ಖಾನೆಗೆ ಆ ಖಾಲಿ ಜಾಗ ತೋರಿಸಿದರು.

“ಹಿಂದಿನ ಸೀಟಲ್ಲಿ ಯಾರು?” ಎಂದರು ಮಹಾದೇವಿ.

“ಟೂಲ್ಸು.”

“ನನ್ನ ಒಂದಿನ ನೆಲಮಂಗಲ ದಾಟ್ಸಿದ್ದೀರಾ ಇದ್ರಲ್ಲಿ?”

“ಗಾಡಿ ತಡ್ಕೊಳ್ಳಲ್ಲ ಕಣೇ.”

ತಡೆದುಕೊಳ್ಳದ ಗಾಡಿ ಹನ್ನೊಂದು ದಿನ ಓಡಿತು. ಹೊಗೆ ಬಿಟ್ಟಿತು, ಎಣ್ಣೆ ಸುರಿಸಿತು, ಒಂದು ಇಂಡಿಕೇಟರನ್ನು ತೆಲಂಗಾಣಕ್ಕೆ ದಾನ ಮಾಡಿತು; ನಿಲ್ಲಲಿಲ್ಲ. ರುದ್ರೇಶನ ಚೈನು ನಾಗಪುರದಲ್ಲಿ ಹರಿಯಿತು. ಗುರುರಾಜನ ಬೈಕು ಊರೂರಿಗೂ ಕೈಕೊಟ್ಟು, ಗಡಿಯ ಸೊನೌಲಿ ಇನ್ನೆರಡು ಕಿಲೋಮೀಟರ್ ಇರುವಾಗ ಪೂರ್ತಿ ಕಣ್ಣುಮುಚ್ಚಿತು.

ಗಡಿಯಲ್ಲಿ ನೇಪಾಳದ ಅಧಿಕಾರಿ ಗಾಡಿಗಳತ್ತ ತಿರುಗಿಯೂ ನೋಡಲಿಲ್ಲ, ಆರ್‌ಸಿ ನೋಡಿದರು. ಚನ್ನಕ್ಕ ಯಾರು ಎಂದು ಹಿಂದಿಯಲ್ಲಿ ಕೇಳಿದರು. ಮಾಲೀಕರ ಒಪ್ಪಿಗೆ ಪತ್ರ ಬೇಕು ಎಂದು ತಲೆಯಾಡಿಸಿದರು. ಆ ತಲೆಯಾಟದಲ್ಲಿ ಪಂಚಾಕ್ಷರಿಗೆ ತಮ್ಮ ವೃತ್ತಿಬಾಂಧವನೊಬ್ಬ ಕಂಡ. ರಿಜೆಕ್ಟ್.

ರಾಣೆಬೆನ್ನೂರಿಗೆ ಫೋನ್ ಹೋಯಿತು.

“ಯಾಕ್ರಿ ಅಳಿಯಂದ್ರ, ಆರಾಮದೀರಿ?”

“ಹ್ಞೂಂ ಅತ್ತೆ. ಗಾಡಿ ಗಡಿ ದಾಟೋಕೆ ಒಪ್ಗೆ ಇದೆ ಅಂತ ಒಂದ್ ಚೀಟಿ ಬರ್ದು ಫೋಟೋ ಕಳ್ಸಿ.”

“ಬರಕೊಡ್ತೇನಿ ತಗೋರಿ. ಮಾದೇವಿ ಹಿಂದ ಕುಂತಾಳಲ್ಲ?”

“ಇಲ್ಲ… ಸ್ಪ್ಯಾನರು, ಪಾನಾ ಎಲ್ಲಾ ಇದೆ.”

“ಮಗಳು ಕುಂದರ್ಲಿ ಅಂತ ಕೊಟ್ಟಿದ್ದು ಗಾಡಿ. ಪಾನಾ ಕುಂದರ್ಲಿ ಅಂತಲ್ರಿ.”

ಹತ್ತು ನಿಮಿಷಕ್ಕೆ ಪತ್ರ ಬಂತು: ‘ನನ್ನ ಮಗಳು ಹಿಂದೆ ಕುಳಿತಿದ್ದರೆ ಮಾತ್ರ ಒಪ್ಪಿಗೆ ಇದೆ.’

“ಹಿಂದೀಲಿ ಓದಿ ಹೇಳೋವಾಗ ಆ ಮಗಳ ಮಾತು ಬಿಟ್ಬಿಡ್ಲಾ ಮಗಾ?” ಎಂದು ರುದ್ರೇಶ್ ಪಿಸುಗುಟ್ಟಿದ.

ಪಂಚಾಕ್ಷರಿ ಬಾಯಿ ತೆರೆದರು. ಅಷ್ಟು ವರ್ಷದ ಅಭ್ಯಾಸ. “ಬೇಡ” ಎಂದೇ ಬಂತು.

ರುದ್ರೇಶ್ ದಾಟಿದ. ಗುರುರಾಜನ ಕಾಗದಪತ್ರ ಅಪ್ಪಟ ಚಿನ್ನ, ಹಾಗಾಗಿ ಅವನ ಬೈಕಿನ ಹೆಣಕ್ಕೂ ಅನುಮತಿ ಸಿಕ್ಕಿತು. “ಸಾರ್, ಒಂದ್ ಕೈ ಹಾಕ್ತೀರಾ?” ಎಂದ. ಎರಡು ಸಾವಿರ ಕಿಲೋಮೀಟರ್ ಓಡಿದ ಸ್ವಂತ ಬೈಕನ್ನು ಇತ್ತ ನಿಲ್ಲಿಸಿ, ಓಡದ ಬೈಕನ್ನು ಹಿಂದಿನಿಂದ ತಳ್ಳುತ್ತಾ, ಪಂಚಾಕ್ಷರಿ ನಡೆದೇ ಪರದೇಶ ಪ್ರವೇಶಿಸಿದರು.

“ಅಂಟಿಸ್ಕೋ ಮಗಾ, ಯಾರ್ ನೋಡ್ತಾರೆ?” ಎಂದು ರುದ್ರೇಶ್ ಸ್ಟಿಕ್ಕರ್ ಕೊಟ್ಟ. ಪಂಚಾಕ್ಷರಿ ಅದನ್ನು ಜೇಬಿನಲ್ಲಿಟ್ಟುಕೊಂಡರು. ನೋಡಲು ಸ್ವತಃ ತಾವೇ ಇದ್ದರಲ್ಲ.

ದಾಸರಹಳ್ಳಿಯ ಮನೆಗೆ ಬಂದವರೇ ಸೀಟಿನಿಂದ ಟೂಲ್ಸ್ ಪೆಟ್ಟಿಗೆ ಇಳಿಸಿ, ವರ್ನಿಯರ್ ಹಿಡಿದು ಮಹಾದೇವಿಯ ತಲೆಗೆ ಒಡ್ಡಿದರು. ಅದರ ಬಾಯಿ ಸಾಲಲಿಲ್ಲ.

“ಏನ್ರೀ ಇದು?”

“ಹೆಲ್ಮೆಟ್ ಸೈಜು. ಇಬ್ರೂ ನೇಪಾಳಕ್ಕೆ ಹೋಗೋಣ.”

ಅಮ್ಮನಿಂದ ಎಲ್ಲವನ್ನೂ ಆಗಲೇ ಕೇಳಿ ತಿಳಿದಿದ್ದ ಮಹಾದೇವಿ ಟ್ಯಾಂಕಿನ ಖಾಲಿ ಜಾಗದ ಮೇಲೆ ಬೆರಳಾಡಿಸಿದರು. “ಮೊದ್ಲು ನೆಲಮಂಗಲ ದಾಟ್ಸಿ,” ಎಂದರು. “ಸ್ಟಿಕ್ಕರ್ ಅಲ್ಲೇ ಅಂಟ್ಸಿದ್ರಾಯ್ತು.”