ದೊರೆಸಾನಿಯ ಬೆನ್ನಿನ ಅರಸಿನ

ಅತ್ತೆ ದೋಹಾಕ್ಕೆ ಬಂದ ಮೊದಲ ವಾರದಲ್ಲೇ ನಾನು ಸುಲಿದ ಬೆಳ್ಳುಳ್ಳಿ ತರಲು ಶುರುಮಾಡಿದ್ದೆ. ತುರಿದ ಕಾಯಿಯ ಪೊಟ್ಟಣ, ಹೆಚ್ಚಿಟ್ಟ ಬೀನ್ಸ್, ಅಂಗಡಿಯವನೇ ಶುಚಿ ಮಾಡಿ ತುಂಡು ಹಾಕಿ ಕೊಟ್ಟ ಮೀನು. ಕುಂದಾಪುರದ ಮನೆಯಲ್ಲಿ ಜೀವಮಾನವಿಡೀ ಮೆಟ್ಟುಕತ್ತಿಯ ಮುಂದೆ ಕೂತವರು, ಮಗನ ಮನೆಗೆ ಬಂದಾಗಲಾದರೂ ಅವರ ಬೆರಳಿಗೆ ಮೀನಿನ ವಾಸನೆ ಹತ್ತದಿರಲಿ ಎಂಬುದು ನನ್ನ ಆಸೆ. ಬೆಳಿಗ್ಗೆ ಅವರಿಗೆ ಬಿಸಿನೀರು, ಹತ್ತು ಗಂಟೆಗೆ ಗಂಜಿ, ಮಧ್ಯಾಹ್ನ ಊಟವಾದ ಮೇಲೆ ಕಾಲಿಗೆ ಎಣ್ಣೆ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಬಿಸಿಲು ಬರುವುದು ಒಂದೇ ಕಿಟಕಿಗೆ. ಸೋಫಾವನ್ನು ಎಳೆದು ಅಲ್ಲಿಗೇ ಹಾಕಿಸಿದ್ದೆ.

"ನಂಗೆ ಇಲ್ಲಿ ಎಂತ ಕೆಲ್ಸ ಇತ್ತ್? ಕೂಕಂಡ್ ತಿಂಬುದ್," ಎನ್ನುತ್ತಿದ್ದರು ಅತ್ತೆ. ನಾನು ಅದನ್ನು ಮೆಚ್ಚುಗೆಯೆಂದೇ ತಿಳಿದಿದ್ದೆ.

ಶುಕ್ರವಾರ ಶನಿವಾರ ಅವರು ಅಲ್ ಗರಾಫಾದಲ್ಲಿರುವ ಕಿರಿಯ ಮಗನ ಮನೆಗೆ ಹೋಗುತ್ತಿದ್ದರು. ನನ್ನ ಓರಗಿತ್ತಿಗೆ ಆಫೀಸಿನಲ್ಲಿ ದೊಡ್ಡ ಕೆಲಸ. ಮನೆಯೂ ದೊಡ್ಡದು, ವಿಲ್ಲಾ. ಅಡುಗೆಮನೆ ಮಾತ್ರ ಹೊಸ ಅಂಗಡಿಯ ಹಾಗೆ ಫಳಫಳ, ಯಾಕೆಂದರೆ ಅಲ್ಲಿ ಅಡುಗೆಯಾಗುವುದೇ ಅಪರೂಪ. ಅವಳ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ ಎಂದು ಬರೆದರೆ ನನ್ನ ಗಂಡ ಓದಿ ನಗುತ್ತಾರೆ. ಇತ್ತು. ವಾರದಲ್ಲಿ ಐದು ದಿನ ಎಣ್ಣೆ ತಿಕ್ಕುವವಳು ನಾನು, ಎರಡು ದಿನ ಕರೆದುಕೊಂಡು ಹೋಗಿ ಸೆಲ್ಫಿ ಹಾಕುವವಳು ಅವಳು.

ಒಂದು ಸಲ ಕಾರಿನಲ್ಲಿ ರಯ್ಯಾನ್ ಕಡೆ ಹೋಗುವಾಗ ಕುದುರೆ ರೇಸಿನ ಮೈದಾನದ ದೀಪದ ಕಂಬಗಳು ಕಂಡವು. ಅದೇನೆಂದು ಅತ್ತೆ ಕೇಳಿದರು, ಹೇಳಿದೆ.

"ನನ್ನಬ್ಬಿ ಬೊಂಬಾಯಂಗೆ ಕುದ್ರಿ ರೇಸ್ ಕಂಡಿದ್ಳ್," ಎಂದರು. ಅಬ್ಬಿ ಎಂದರೆ ಅವರ ತಾಯಿ.

"ಹೌದಾ ಅತ್ತೆ! ಹೇಗಿತ್ತಂತೆ?"

"ಹೇಂಗಿಪ್ಪುದ್? ಕುದ್ರಿ ಓಡ್ದೊ."

ಅಷ್ಟೇ. ಆದರೆ ಆ ಒಂದು ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ. ಬ್ರಿಟಿಷರ ಕಾಲದ ಬೊಂಬಾಯಿ, ಮೂವತ್ತರ ದಶಕವಿರಬೇಕು, ಸೆರಗು ಹೊದ್ದ ಕುಂದಾಪುರದ ಹೊಸ ಮದುಮಗಳು, ಕುದುರೆಗಳು. ಗಂಡನಿಗೂ ಹೇಳಿದೆ. ಅವರಿಗೇ ಗೊತ್ತಿರಲಿಲ್ಲ. ಅತ್ತೆ ನನಗೆ ಮಾತ್ರ ಹೇಳಿದ್ದಾರೆ ಎಂದು ಎರಡು ದಿನ ಸ್ವಲ್ಪ ಹೆಚ್ಚೇ ಉತ್ಸಾಹದಿಂದ ಪಾತ್ರೆ ತಿಕ್ಕಿದೆ.

ಜನವರಿಯ ಒಂದು ಗುರುವಾರ ಸಂಜೆ ಮೈದುನ ಎಲ್ಲರನ್ನೂ ರೇಸಿಗೆ ಹೊರಡಿಸಿದ. "ಅಮ್ಮನಿಗೂ ತೋರಿಸುವ, ಯಲ್ಲಾ ಯಲ್ಲಾ, ಹೊರಡಿ!" ಇಲ್ಲಿ ಜೂಜಿಲ್ಲ, ಟಿಕೆಟ್ಟಿಲ್ಲ. ಗೆಲ್ಲುವ ಕುದುರೆಯ ನಂಬರು ಊಹಿಸಿ ಗುರುತು ಹಾಕಲು ಒಂದು ಚೀಟಿ ಕೊಡುತ್ತಾರೆ, ಮಕ್ಕಳಿಗೆ ಅದೇ ಆಟ. ನಾನು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಗೋಳಿಬಜೆ, ಅತ್ತೆಗೊಂದು ಶಾಲು, ಕುರ್ಚಿಯ ಮೇಲೆ ಹಾಕಲು ದಿಂಬು ತೆಗೆದುಕೊಂಡಿದ್ದೆ. ಓರಗಿತ್ತಿ ತನ್ನ ಪಕ್ಕದ ಮನೆಯ ಪುತ್ತೂರಿನ ಹೆಂಗಸನ್ನೂ ಕರೆದುಕೊಂಡು ಬಂದಿದ್ದಳು.

ಸುತ್ತ ಮರಳಿನ ಊರು, ನಡುವೆ ನೀರುಣಿಸಿ ಬೆಳೆಸಿದ ಹಸಿರು ಹುಲ್ಲು, ಅದರ ಮೇಲೆ ಹಗಲಿನಂಥ ದೀಪ. ಕುದುರೆಗಳು ಮೊದಲು ನಿಧಾನವಾಗಿ ನಮ್ಮ ಮುಂದೆ ಹಾದುಹೋದವು. ಒಂದರ ಬಾಲವನ್ನು ಮದುವೆಮನೆಯ ಹೆಂಗಸಿನ ಜಡೆಗಿಂತ ಚೆನ್ನಾಗಿ ಬಾಚಿದ್ದರು. ಓಟ ಶುರುವಾದಾಗ ದೂರದಲ್ಲಿ ಎಲ್ಲೋ ಚುಕ್ಕೆಗಳು. ಸುತ್ತು ತಿರುಗಿ ಹತ್ತಿರ ಬಂದಾಗ ಕಾಲಡಿಯ ಸಿಮೆಂಟೇ ನಡುಗಿದ ಹಾಗೆ. ಅತ್ತೆ ನನ್ನ ಕೈ ಹಿಡಿದರು. ನನಗೆ ಅದು ಸಾಕಾಗಿತ್ತು.

ಅಷ್ಟರಲ್ಲಿ ಆಚೆ ಬದಿಯಿಂದ ಓರಗಿತ್ತಿಯ ದನಿ.

"ನಮ್ಮ ಅತ್ತೆಯ ಅಮ್ಮನ ರೇಸಿನ ಕಥೆ ಗೊತ್ತುಂಟಾ ನಿಮಗೆ? ಹೇಳ್ತೇನೆ ಕೇಳಿ."

ಪುತ್ತೂರಿನವಳು ಗೋಳಿಬಜೆ ಹಿಡಿದುಕೊಂಡು ತಿರುಗಿ ಕೂತಳು. ಅತ್ತೆಯ ಅಪ್ಪ ಬೊಂಬಾಯಿಯ ರೇಸ್ ಮೈದಾನದ ಹಿಂದೆ, ಕುದುರೆ ಲಾಯದವರಿಗೆ ಊಟ ಹಾಕುವ ಒಂದು ಖಾನಾವಳಿಯಲ್ಲಿ ಅಡುಗೆಗಿದ್ದರಂತೆ. ಮದುವೆಯಾಗಿ ಬಂದ ಹುಡುಗಿ ಅಲ್ಲೇ ಮೀನು ಕೊಯ್ಯುತ್ತ, ಮಸಾಲೆ ಅರೆಯುತ್ತ ಕುದುರೆಯ ಸದ್ದು ಕೇಳುವುದೇ ಹೊರತು ಕುದುರೆ ಕಂಡದ್ದಿಲ್ಲ. ಒಂದು ದಿನ ಗಂಡ ಬಂದು ಬೇಗ ಬಾ ಎಂದು ಎಳೆದುಕೊಂಡು ಹೋದ. ಮೀನಿಗೆ ಅರಸಿನ ಹಚ್ಚುತ್ತಿದ್ದವಳು ಕೈ ತೊಳೆಯದೆಯೇ ಓಡಿದಳು. ಬೇಲಿಯ ಹತ್ತಿರ ಚಿಮಿಣಿ ಎಣ್ಣೆಯ ಡಬ್ಬ ಕವುಚಿ ಹಾಕಿ ಅವಳನ್ನು ಅದರ ಮೇಲೆ ಹತ್ತಿಸಿದ. ಮುಂದೆ ಒಬ್ಬಳು ದೊರೆಸಾನಿ, ಬಿಳಿ ಗೌನು, ದೊಡ್ಡ ಟೋಪಿ.

"ಕುದುರೆ ಬಂತಲ್ಲ, ಭೂಮಿ ನಡುಗಿತಂತೆ, ಡಬ್ಬ ಅಲ್ಲಾಡಿತಂತೆ, ಇವರ ಅಮ್ಮ ಬೀಳಬಾರದು ಅಂತ..." ಓರಗಿತ್ತಿ ಬಲಗೈಯ ಬೆರಳುಗಳನ್ನು ಅಗಲಿಸಿ ಎತ್ತಿದಳು. ಅದು ಅತ್ತೆಯ ಕೈಯ ವರಸೆಯೇ, ಅವರು ಹೀಗೇ ಎತ್ತುವುದು. "ದೊರೆಸಾನಿಯ ಬೆನ್ನಿಗೆ! ಬಿಳಿ ಗೌನಿನ ಮೇಲೆ ಐದೂ ಬೆರಳು, ಹಳದಿ! ಅವಳಿಗೆ ಗೊತ್ತೇ ಇಲ್ಲ. ಚಪ್ಪಾಳೆ ತಟ್ಟಿಕೊಂಡು ಹಾಗೇ ಹೋದಳಂತೆ ಸಾಹೇಬರ ನಡುವೆ!"

ಪುತ್ತೂರಿನವಳು ನಕ್ಕು ನಕ್ಕು ಕೆಮ್ಮಿದಳು. ನನ್ನ ಗಂಡ ನಕ್ಕರು. ಅತ್ತೆ ನನ್ನ ಕೈ ಬಿಟ್ಟು, ಬಾಯಿಗೆ ಸೆರಗು ಒತ್ತಿ ಮೈ ಕುಲುಕಿಸಿ ನಕ್ಕರು.

"ಅಕ್ಕಾ, ನಿಮಗೆ ಗೊತ್ತಲ್ವಾ ಇದು?" ಎಂದಳು ಓರಗಿತ್ತಿ.

"ಗೊತ್ತು," ಎಂದೆ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತೆ. ಆಮೇಲಿನ ಓಟದಲ್ಲಿ ಯಾವ ಕುದುರೆ ಗೆದ್ದಿತೋ ನೋಡಲಿಲ್ಲ. ನನಗೆ 'ಕುದ್ರಿ ಓಡ್ದೊ', ಅವಳಿಗೆ ಡಬ್ಬ, ಟೋಪಿ, ಗೌನು, ಐದು ಬೆರಳು. ಎಣ್ಣೆ ತಿಕ್ಕಿದ ಕಾಲು, ಮಾಡಿದ ಗಂಜಿ ಎಲ್ಲ ಒಂದೊಂದಾಗಿ ನೆನಪಾಯಿತು. ನನ್ನ ಬಗ್ಗೆ ನನಗೇ ನಾಚಿಕೆಯಾಗುವಷ್ಟು.

ಹಿಂದಿರುಗುವಾಗ ಕಾರಿನಲ್ಲಿ ಓರಗಿತ್ತಿ ನನ್ನ ಪಕ್ಕದಲ್ಲೇ ಕೂತಿದ್ದಳು. ಎಷ್ಟು ಸಲೀಸಾಗಿ ಕೇಳಬಹುದೋ ಅಷ್ಟು ಸಲೀಸಾಗಿ ಕೇಳಿದೆ, "ಅತ್ತೆ ನಿನಗೆ ಯಾವಾಗ ಹೇಳಿದ್ರು ಮಾರಾಯ್ತಿ?"

"ಹೋದ ವಾರ ಅಕ್ಕ. ನಂಗೆ ಸಿಗಡಿ ಸುಲಿಯಲಿಕ್ಕೆ ಎಲ್ಲಿ ಬರ್ತದೆ? ಇವ್ರು ತಂದು ಹಾಕಿದ್ರು, ನಾನು ಅತ್ತೆಯ ಮುಂದೆ ಇಟ್ಟುಬಿಟ್ಟೆ. ಸುಲಿತಾ ಸುಲಿತಾ ಅವರೇ ಶುರು ಮಾಡಿದ್ರು. ಬಾಯಿ ನಿಲ್ಲಲೇ ಇಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ. ನಮ್ಮ ಮನೆಗೆ ಬಂದ ದಿನದಿಂದ ಅತ್ತೆಯ ಕೈಗೆ ನಾನು ಕೊಟ್ಟದ್ದು ಚಹಾದ ಲೋಟ, ಟಿವಿಯ ರಿಮೋಟು, ಅಷ್ಟೇ. ಅವರ ವೀಸಾ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ.

ಮರುದಿನ ಶುಕ್ರವಾರ. ಅತ್ತೆಗೆ ರೇಸಿನಲ್ಲಿ ಚಳಿ ತಾಗಿದೆ, ಈ ವಾರ ಗರಾಫಾಕ್ಕೆ ಬೇಡ ಎಂದು ಮೈದುನನಿಗೆ ಫೋನು ಮಾಡಿದೆ. ಅವರಿಗೆ ಒಂದು ಸೀನೂ ಬಂದಿರಲಿಲ್ಲ. ಆಮೇಲೆ ಮೀನಿನಂಗಡಿಗೆ ಹೋಗಿ ಇದ್ದದ್ದರಲ್ಲಿ ಸಣ್ಣ ಸಿಗಡಿ ತೋರಿಸಿದೆ. ಸಣ್ಣದಾದಷ್ಟೂ ಸುಲಿಯುವುದು ನಿಧಾನ. ಅಂಗಡಿಯ ಮಲಯಾಳಿ ಅಭ್ಯಾಸಬಲದಿಂದ ಕತ್ತರಿ ಎತ್ತಿಕೊಂಡ.

"ವೇಂಡ, ವೇಂಡ," ಎಂದು ಅವನ ಭಾಷೆಯಲ್ಲೇ ಬೇಡವೆಂದೆ.

"ಕ್ಲೀನ್ ವೇಂಡೇ ಚೇಚಿ?" ಅವನಿಗೆ ನಂಬಿಕೆಯೇ ಬರಲಿಲ್ಲ.

ಮನೆಗೆ ಬಂದು ಅಡುಗೆಮನೆಯ ನೆಲದಲ್ಲಿ ಹಳೆಯ ಪೇಪರು ಹಾಸಿ, ಸಿಗಡಿ ಸುರಿದು, "ಅತ್ತೆ, ಇವತ್ತು ನನ್ನ ಕೈಲಿ ಆಗುದಿಲ್ಲ, ಬೆರಳು ನೋವು," ಎಂದೆ. ಅತ್ತೆ ಶಾಲನ್ನು ಸೋಫಾದ ಮೇಲೆ ಎಸೆದು ಬಂದ ವೇಗ ನೋಡಬೇಕಿತ್ತು.

ನಾನು ಏನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು ಶುಂಠಿ ಕೆರೆಯುತ್ತಿದ್ದೆ. ಮೊದಲು ಊರಿನ ಯಾರದೋ ಮದುವೆ ಬಂತು, ಸೊಸೈಟಿಯ ಅಕ್ಕಿ ಬಂತು, ನನ್ನ ಗಂಡ ಚಿಕ್ಕಂದಿನಲ್ಲಿ ಬಾವಿಗೆ ಚಪ್ಪಲಿ ಹಾಕಿದ್ದು ಬಂತು. ಕೊನೆಗೆ ಬೊಂಬಾಯಿ. ಅದೇ ಡಬ್ಬ, ಅದೇ ಗೌನು, ಅದೇ ಬೆರಳು. ಕಥೆ ಓರಗಿತ್ತಿ ನಿಲ್ಲಿಸಿದ್ದಲ್ಲಿಗೆ ಬಂದು ತಲುಪಿದಾಗ ನಾನು ನಗಲು ತಯಾರಾದೆ. ಅತ್ತೆ ನಗಲಿಲ್ಲ. ಸಿಗಡಿಯ ತಲೆಯೊಂದನ್ನು ಚಿವುಟಿ ಎಸೆದು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಡಬ್ಬಿ ಅಲ್ಲಾಡ್ಲಿಲ್ಲ ಮಾರಾಯ್ತಿ."

"ಮತ್ತೆ?"

"ಅಪ್ಪಯ್ಯನ ಕಣ್ಣ್ ಆ ಹೆಂಗ್ಸಿನ ಮೇಲೆ. 'ಅವ್ಳ್ ನಿಂತ ಚಂದ ಕಾಣ್, ಉಟ್ಟ ಚಂದ ಕಾಣ್' ಅಂತ ಅಬ್ಬಿ ಹತ್ರವೇ ಹೇಳುದ್! ಅಬ್ಬಿ ಮಿಂದದ್ದಿಲ್ಲ, ತಲಿ ಬಾಚಿದ್ದಿಲ್ಲ, ಮೈಯೆಲ್ಲ ಮೀನ್. ಬೇಕಂತ್ಲೇ ಕೈ ಇಟ್ಲ್, ಸಮಾ ಒತ್ತಿ. ಹೊಟ್ಟಿಕಿಚ್ಚ್!"

"ಅವರೇ ಹೇಳಿದ್ದಾ ನಿಮಗೆ?"

"ಮತ್ತ್ಯಾರ್? ಮೀನ್ ಕೊಯ್ವತ್ತಿಗೆ ಹೇಳಿದ್ದ್. ಅಪ್ಪಯ್ಯಂಗೆ ಕಡಿವರೆಗೂ ಗೊತ್ತಿಲ್ಲ."

ನಾನು ಶುಂಠಿ ಕೆಳಗಿಟ್ಟೆ. ಕೇಳಬಾರದೆಂದುಕೊಂಡರೂ ಬಾಯಿ ತಡೆಯಲಿಲ್ಲ. "ಇದನ್ನ ಅವಳಿಗೂ ಹೇಳಿದ್ರಾ ಅತ್ತೆ?"

"ಎಲ್ಲಿಂದ? ಅಷ್ಟೊತ್ತಿಗೆ ಅವ್ಳ ಮನಿ ಸಿಗ್ಡಿ ಮುಗ್ದಿತ್ತ್."

ನನ್ನ ಮೇಲಿನ ಪ್ರೀತಿಯೇನಲ್ಲ, ಬರೀ ಸಿಗಡಿಯ ಗಾತ್ರ. ಹಾಗಿದ್ದರೂ ಅಂದು ಮಾಡಿದ ಸಿಗಡಿ ಸುಕ್ಕಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲದಷ್ಟು ಖುಷಿ ನನಗೆ.

ಅದರ ಮುಂದಿನ ವಾರ ಅತ್ತೆ ಹೊರಡುವ ಮೊದಲು ಕೊನೆಯ ಸಲ ಗರಾಫಾಕ್ಕೆ ಹೋಗುವುದಿತ್ತು. ಅವತ್ತು ಬೆಳಿಗ್ಗೆ ನಾನು ಬೇಗ ಎದ್ದು ಸಿಗಡಿ ಸುಲಿದೆ, ಕರುಳು ತೆಗೆದೆ, ಅರಸಿನ ಉಪ್ಪು ಹಚ್ಚಿದೆ. ಬೆಳ್ಳುಳ್ಳಿ ಸುಲಿದು, ಕಾಯಿ ತುರಿದು, ಎಲ್ಲವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ, ಅತ್ತೆಯನ್ನು ಕರೆದೊಯ್ಯಲು ಬಂದ ಓರಗಿತ್ತಿಯ ಕೈಗೆ ಕೊಟ್ಟೆ.

"ನಿಂಗೆ ಆಫೀಸಿನ ಕೆಲಸವೇ ಬೇಕಾದಷ್ಟು ಉಂಟು, ಪಾಪ. ಒಲೆಯ ಮೇಲೆ ಇಟ್ಟರೆ ಖಲಾಸ್."

ಅವಳು ಡಬ್ಬಿಗಳನ್ನು ಎದೆಗವಚಿಕೊಂಡು, "ಅಕ್ಕಾ, ನಿಮ್ಮಂಥವರು ಯಾರಿಗುಂಟು!" ಎಂದಳು. ಅತ್ತೆ ಕಾರಿನ ಹಿಂದಿನ ಸೀಟಿನಲ್ಲಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.