ಕತ್ತರಿ ಕಾಣದ ಖಣ

ನಿನ್ನೆ ಬನಹಟ್ಟಿಯ ಅಂಗಡಿಯಲ್ಲಿ ಹೊಸ ಖಣವೊಂದನ್ನು ಮೂಗಿಗೆ ಹಿಡಿದೆ. ಗಂಜಿಯ ವಾಸನೆ. ಹೊಲಿಸಿ ಕೊಡಬೇಕೇ ಎಂದು ಅಂಗಡಿಯವರು ಕೇಳಿದ್ದೇ ತಡ, ಖಣವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಪುರಾಣ ಅವರಿಗೇನು ಗೊತ್ತು?

ನಿಮಗೆ ಹೇಳುತ್ತೇನೆ. ನಮ್ಮ ಕಡೆ ಬಟ್ಟೆಗಳ ಹೆಸರು ಅಕ್ಕತಂಗಿಯರಿದ್ದ ಹಾಗೆ, ದೂರದಿಂದ ಎಲ್ಲ ಒಂದೇ. ಪಟಗಾ ತಲೆಗೆ, ಪತ್ತಲ ಹೆಂಗಸರ ಮೈಗೆ. ದುಪ್ಪಟಿ ಹೊದೆಯಲು, ದುಪಟ್ಟಾ ಹುಡುಗಿಯರ ಹೆಗಲಿಗೆ. ರವಿಕೆಯ ಅರಿವೆ ಹೊಲಿಯದಿದ್ದರೆ ಖಣ, ಹೊಲಿದರೆ ಕುಬಸ. ಇದೆಲ್ಲ ಬಲ್ಲೆನೆಂದು ಹುಡುಗನಾಗಿದ್ದಾಗಲೇ ಮೀಸೆ ತಿರುವುತ್ತಿದ್ದೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ.

ಆಗ ಅಕ್ಕನಿಗೆ ಏಳು ತಿಂಗಳು. ಮಹಾಲಿಂಗಪುರದ ಗಂಡನ ಮನೆಯಲ್ಲಿ ಅವಳ ಸೀಮಂತ. ಉಡಿ ತುಂಬುವಾಗ ಮಡಿಲಿಗೆ ಮೊದಲು ಬೀಳಬೇಕಾದದ್ದು ತವರಿನ ಖಣ. ಅದನ್ನು ತರುವ ಕೆಲಸವನ್ನು ಅವ್ವ ನನಗೆ ಒಪ್ಪಿಸಿದಳು. ನಾನು ಮಹಾ ಜಾಣ. ಬರೀ ಅರಿವೆ ಕೊಟ್ಟರೆ ಅಕ್ಕ ಯಾವಾಗ ಹೊಲಿಸಿಕೊಂಡಾಳು ಎಂದು, ಅವಳ ಮದುವೆಗೆ ಮುಂಚಿನ ಅಳತೆ ಕೊಟ್ಟು, ಹೊಲಿಸಿಯೇ ಒಯ್ದೆ. ಪೊಟ್ಟಣ ಕಟ್ಟಿಸಿದ್ದರಿಂದ ಅವ್ವನೂ ನೋಡಿರಲಿಲ್ಲ.

ಉಡಿಯೊಡ್ಡಿ ಕೂತ ಅಕ್ಕನ ಮುಂದೆ ಪೊಟ್ಟಣ ಬಿಚ್ಚಿದಾಗ ಹಾಡುತ್ತಿದ್ದ ಹೆಂಗಸರು ಕತ್ತು ಚಾಚಿ ನೋಡಿದರು. ಅಕ್ಕನ ಅತ್ತೆ ಕುಬಸದ ತೋಳು ಹಿಡಿದೆತ್ತಿದರು.

"ತಮ್ಮಾ, ಉಡಿಗೆ ಕತ್ತರಿ ಕಾಣದ ಅರಿವಿ ಬೇಕು. ಇದನ್ಯಾಕ ಹೊಲಿಸಿದಿ?"

ಅವ್ವ ತಲೆ ತಗ್ಗಿಸಿದಳು. ಅಕ್ಕನ ಕಣ್ಣು ತುಂಬಿತು. ತವರಿನ ಮಾನ ನನ್ನ ಜಾಣತನದಲ್ಲಿ ಹೋಯಿತಲ್ಲ ಎಂದು ಸಂಕಟವಾಯಿತು.

ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಖಣ ತಂದು ಅವ್ವನ ಕೈಗಿಟ್ಟರು. ಅಕ್ಕನ ಮದುವೆಯಲ್ಲಿ ಅವ್ವನೇ ಅವರ ಉಡಿಗೆ ಹಾಕಿದ್ದು ಅದು, ಮಡಿಕೆಯೂ ಬಿಚ್ಚಿರಲಿಲ್ಲ.

"ನಿಮ್ದ ಐತಿ, ಹಾಕ್ರಿ," ಎಂದರು.

ನಾನು ತಂದ ಕುಬಸ ಅಕ್ಕನಿಗೆ ತೋಳೂ ಏರಲಿಲ್ಲ. ಕಡ್ಡಿಯಂತಿದ್ದ ಅತ್ತೆ ಅದನ್ನು ತಾವೇ ತೊಟ್ಟು ಬಂದು, ಏನೂ ಆಗದವರಂತೆ ಪಂಕ್ತಿಗೆ ಹೋಳಿಗೆ ಬಡಿಸಿದರು. ಹೆಂಗಸರು ನಕ್ಕು ನಕ್ಕು ಉಣ್ಣುವುದನ್ನೇ ಮರೆತರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಅತ್ತೆಯವರ ಕಾಲಿಗೆ ಬೀಳಬೇಕೆನ್ನಿಸಿತು; ಬಿದ್ದೂ ಬಿದ್ದೆ.

ಅಂದು ಅಕ್ಕನ ಹೊಟ್ಟೆಯಲ್ಲಿದ್ದವಳ ಸೀಮಂತ ಇಂದು. ಸೋದರಮಾವನ ಖಣ ಹಿಡಿದು ಅವಳ ಗಂಡನ ಮನೆಯೊಳಗೆ ಕಾಲಿಟ್ಟರೆ ಎದುರಿಗೇ, ಮೊಮ್ಮಗಳಿಗಾಗಿ ಬಂದ ಅಕ್ಕನ ಅತ್ತೆ. ಮೈ ಇಂದಿಗೂ ಅದೇ ಕಡ್ಡಿ. ತೊಟ್ಟದ್ದು ಅದೇ ಕುಬಸ, ಬಣ್ಣ ಮಾಸಿ, ತೋಳಿಗೆ ತೇಪೆ ಬಿದ್ದು. ನನ್ನ ಕೈಯಿಂದ ಖಣ ಇಸಿದುಕೊಂಡು, ಮಂಜಾದ ಕಣ್ಣಿಗಿಂತ ಬೆರಳನ್ನೇ ನಂಬಿ ನಾಲ್ಕೂ ಅಂಚು ಸವರಿ ನೋಡಿದರು.

"ಪಾಸಾದಿ. ಇನ್ನ ನನಗೊಂದು ಹೊಲಿಸಿ ತಾ. ಇದು ಹರಿಯಾಕ ಬಂದೈತಿ."

ನಾನು ಅಳತೆ ಕೇಳಲಿಲ್ಲ. ಅಕ್ಕನ ಆ ಹಳೆಯ ಅಳತೆ ನನಗೆ ಗೊತ್ತಿತ್ತು.