ಹಾಲಿಲ್ಲದ ಕಾಫಿ, ದೇವರಿಲ್ಲದ ಉಪವಾಸ

ಬೆಳಗ್ಗೆ ಎದ್ದ ಕೂಡಲೇ ನಾನು ಮೊದಲು ಮಾಡುವ ಕೆಲಸ ಒಲೆಯ ಕಟ್ಟೆ ಒರೆಸುವುದು. ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ಸಂಸಾರ ಹೂಡಿದವರಿಗೆ ಈ ರೂಢಿ ತಾನಾಗಿ ಬರುತ್ತದೆ. ರಾತ್ರಿ ಎಷ್ಟೇ ಕಿಟಕಿ ಮುಚ್ಚಿ ಮಲಗಿದರೂ ಬೆಳಗಾಗುವುದರೊಳಗೆ ಕರಿ ಫರಸಿ ಕಲ್ಲಿನ ಮೇಲೆ ಸಿಮೆಂಟಿನ ಸಣ್ಣ ಧೂಳು ಕೂತಿರುತ್ತದೆ. ಬೆರಳು ಎಳೆದರೆ ಗೆರೆ ಮೂಡುತ್ತದೆ. ಆ ದಿನವೂ ಒರೆಸಿದೆ. ಅತ್ತೆಗೆ ಶುಂಠಿ ಚಹಾ, ಇವರಿಗೆ ಸಕ್ಕರೆ ಕಡಿಮೆ ಚಹಾ. ಡಬ್ಬಿಗೆ ರೊಟ್ಟಿ, ಪುಂಡಿಪಲ್ಯ. ಇವರು ಡ್ಯೂಟಿಗೆ ಹೋದ ಮೇಲೆ ಸ್ಟೀಲ್ ಲೋಟದಲ್ಲಿ ನನ್ನ ಕರಿ ಕಾಫಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತೆ.

ಅದಕ್ಕೆ ಹಾಲಿಲ್ಲ, ಸಕ್ಕರೆ ಇಲ್ಲ. ಸಂಜೆ ಬೇಗ ಉಂಡು ಮರುದಿನ ಮಧ್ಯಾಹ್ನದವರೆಗೆ ಏನೂ ತಿನ್ನದ ಉಪವಾಸ ನನ್ನದು. ಅದರಲ್ಲಿ ಡಾಕ್ಟರು ಬಿಟ್ಟುಕೊಟ್ಟದ್ದು ನೀರು ಮತ್ತು ಈ ಕಾಫಿ ಮಾತ್ರ. ಹಿಂದಿನ ದಿನ ಶಹಾಬಾದಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೆ, ಫಲಿತಾಂಶ ಫೋನಿಗೆ ಬರಬೇಕಿತ್ತು. ಸಕ್ಕರೆ ಇಳಿದಿದ್ದರೆ ಸರಿ, ಇಲ್ಲವಾದರೆ ಗುಳಿಗೆ ಶುರು ಎಂದು ಅವರು ಮೊದಲೇ ಹೇಳಿದ್ದರು. ನನ್ನ ಅವ್ವನಿಗೂ ಹೀಗೇ ಗುಳಿಗೆಯಿಂದ ಶುರುವಾಗಿತ್ತು. ಆಮೇಲೆ ಸೂಜಿ, ಕೊನೆಗೆ ಕಾಲಿನ ಹೆಬ್ಬೆರಳು ತೆಗೆದರು. ಅವ್ವ ಚಪ್ಪಲಿಯ ತುದಿಗೆ ಅರಿವೆ ತುರುಕಿಕೊಂಡು ನಡೆಯುತ್ತಿದ್ದಳು. ಆ ಅರಿವೆ ನನ್ನ ಹಳೆಯ ಶಾಲೆಯ ಲಂಗದ್ದು, ನೀಲಿ.

ಕಾಫಿಯ ರುಚಿ ಹತ್ತಿದ್ದೂ ಆ ಲಂಗದ ಕಾಲದಲ್ಲೇ. ಕಾನ್ವೆಂಟಿನಲ್ಲಿ ಮಂಗಳೂರು ಕಡೆಯ ಸಿಸ್ಟರೊಬ್ಬರು ತಮ್ಮ ಕಾಫಿಯಲ್ಲಿ ಒಂದಿಷ್ಟು ನನಗೆ ಬಗ್ಗಿಸಿ ಕೊಡುತ್ತಿದ್ದರು. ನಮ್ಮ ಕಡೆ ಎಲ್ಲ ಚಹಾದವರು. ಇಲ್ಲಿ ಚಹಾ ಬೇಡ ಎಂದವರ ಮನಸ್ಸಿನಲ್ಲಿ ಏನೋ ಸಿಟ್ಟು ಇದೆ ಎಂದೇ ಲೆಕ್ಕ.

ನಾನು ಉಪವಾಸ ಹಿಡಿದಾಗ ಅತ್ತೆ ಕೇಳಿದ ಮೊದಲ ಮಾತು, ಯಾವ ದೇವರದು ಎಂದು. ಯಾವ ದೇವರದೂ ಅಲ್ಲ, ಶುಗರಿನ ಸಲುವಾಗಿ ಎಂದೆ.

“ದೇವರಿಲ್ಲದ ಉಪಾಸ ಎಂಥಾದ್ದವಾ? ಅದಕ್ಕ ಹಸಗೊಂಡು ಕುಂದ್ರೋದು ಅಂತಾರ.”

ಅವರ ಸೋಮವಾರ, ಏಕಾದಶಿಗಳಿಗೆ ಸಾಬೂದಾನಿ ಖಿಚಡಿ, ಶೇಂಗಾ ಉಂಡಿ ಮಾಡುತ್ತ ಬಂದವಳು ನಾನೇ. ಹಾಲು ಹಾಕಿದ ಚಹಾ ಎಷ್ಟು ಕುಡಿದರೂ ಆ ಉಪವಾಸ ಕೆಡುವುದಿಲ್ಲ. ಹಾಗಾಗಿ ನಾನು ಅತ್ತ ತಿರುಗಿದೊಡನೆ ಅವರು ನನ್ನ ಕಾಫಿಗೆ ಹಾಲು, ಸಕ್ಕರೆ ಸುರಿದುಬಿಡುತ್ತಿದ್ದರು. ಹಾಲು ಉಪವಾಸಕ್ಕೆ ನಡೆಯುತ್ತದೆ, ಸುಮ್ಮನೆ ಕುಡಿ ಎನ್ನುತ್ತಿದ್ದರು. ಅಕ್ಕರೆಯಿಂದಲೇ ಮಾಡಿದ್ದು. ಚೆಲ್ಲಲು ಮನಸ್ಸು ಬಾರದೆ ಕುಡಿಯುತ್ತಿದ್ದೆ. ಅವರ ಪ್ರಕಾರ ನನ್ನ ಉಪವಾಸ ಉಳಿದಿರುತ್ತಿತ್ತು, ನನ್ನ ಪ್ರಕಾರ ಮುರಿದಿರುತ್ತಿತ್ತು. ಇವರು ಪೇಪರಿನಿಂದ ತಲೆ ಎತ್ತದೆ, ಈ ವಯಸ್ಸಿನಲ್ಲಿ ಹೀರೋಯಿನ್ ಆಗಬೇಕೇನು ಎಂದು ನಕ್ಕಿದ್ದರು.

ಆಮೇಲೊಂದು ದಿನ ಹಾಲು ಬೀಳುವುದು ನಿಂತಿತು. ಚಿಂಚೋಳಿಯ ಬೀಗರು ಬಂದಾಗಲೂ ಅತ್ತೆಯೇ ಮುಂದೆ ಬಂದು, ಆಕೆಗೆ ಚಹಾ ಬೇಡ ಎಂದರು. ಅವ್ವನ ಕಾಲು ಅವರೂ ಕಣ್ಣಾರೆ ನೋಡಿದ್ದರು. ಕೊನೆಗೂ ಅರ್ಥವಾಯಿತು ಎಂದುಕೊಂಡೆ. ಅವತ್ತಿನಿಂದ ಅವರ ಚಹಾಕ್ಕೆ ಒಂದು ಏಲಕ್ಕಿಯನ್ನೂ ಜಜ್ಜಿ ಹಾಕತೊಡಗಿದೆ.

ಆ ದಿನ ಬಿಸಿಲೇರುವ ಹೊತ್ತಿಗೆ ಸೇಡಂನಿಂದ ನಾದಿನಿ ಬಂದಳು. ಚಹಾ ಸೋಸಿ, ನನ್ನ ಬಸಿಯನ್ನೂ ತುಂಬಿಸಿ, ಮುಂದೆ ಹಿಡಿದಳು.

“ವೈನಿ, ನಾ ಬಂದೀನಂತ ಒಂದು ಗುಟುಕರ ಕುಡೀರಿ. ಸಿಟ್ಟದೇನು ನನ್ನ ಮ್ಯಾಲ?”

“ಆಕಿಗಿ ಕೊಡಬ್ಯಾಡ,” ಅತ್ತೆ ಮಗಳ ಕೈಯಿಂದ ಬಸಿ ಕಸಿದುಕೊಂಡರು. “ಆಕಿ ಉಪಾಸ ಕೆಟ್ರ ನಡಿಯಂಗಿಲ್ಲ.”

ಸ್ವಂತ ಮಗಳನ್ನು ನನಗಾಗಿ ತಡೆದರಲ್ಲ ಎಂದು ಕಣ್ಣು ತುಂಬಿ ಬಂತು. ಒಗ್ಗರಣೆಯ ಹೊಗೆಗೆ ಎಂಬಂತೆ ಸೆರಗಿನಿಂದ ಒರೆಸಿಕೊಂಡೆ.

ಊಟಕ್ಕೆ ಎಲ್ಲರಿಗೂ ಬಡಿಸಿದ ಮೇಲೆ ಫೋನ್ ಗುಂಯ್ ಎಂದಿತು. ಸಕ್ಕರೆ ಇಳಿದಿತ್ತು, ಗುಳಿಗೆ ಬೇಡ, ಹೀಗೇ ಮುಂದುವರಿಸಿ ಎಂದು ಡಾಕ್ಟರು ಬರೆದಿದ್ದರು. ಅಡುಗೆಮನೆಯಲ್ಲಿ ನಿಂತೇ ಮತ್ತೆ ಮತ್ತೆ ಓದಿದೆ. ಅತ್ತೆಗೆ ಹೇಳಿದರೆ, ಛಲೋ ಆಯಿತು ಎಂದು ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಇವರಿಗೆ ಫೋನ್ ಮಾಡಿದೆ. ಇವರೂ ಛಲೋ ಆಯಿತು ಎಂದು, ತಂಗಿ ಬಂದಿದ್ದಾಳಲ್ಲ, ರಾತ್ರಿಗೆ ಹೋಳಿಗೆ ಮಾಡು ಎಂದರು. ಹಿಂದಿನ ವಾರ ಇವರ ಬಿಪಿ ಇಳಿದದ್ದಕ್ಕೆ ಅತ್ತೆ ಓಣಿಗೆಲ್ಲ ಪೇಡೆ ಹಂಚಿದ್ದರು. ಶುಗರ್ ಇಳಿದದ್ದಕ್ಕೆ ಪೇಡೆ ಹಂಚುವ ಹಾಗೂ ಇಲ್ಲವಲ್ಲ ಎಂದು ನನ್ನಷ್ಟಕ್ಕೆ ನಕ್ಕು ಬೇಳೆ ತೊಳೆಯಲು ಕೂತೆ.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆದು ಧೂಳು ಝಾಡಿಸುತ್ತಿದ್ದೆ. ಗೋಡೆಯಾಚೆ ಪಕ್ಕದ ಮನೆಯವರೂ ತಮ್ಮ ಬಟ್ಟೆ ತೆಗೆಯುತ್ತಿದ್ದರು. ಯಾರಾದರೂ ಒಬ್ಬರು ಖುಷಿಪಡಲಿ ಎನ್ನಿಸಿ, ನನ್ನ ಶುಗರ್ ಇಳಿಯಿತು ಎಂದು ಹೇಳಿದೆ. ಅವರ ಕೈ ಹಗ್ಗದ ಮೇಲೆ ನಿಂತಿತು.

“ನಿಮಗ ಶುಗರ್ ಇತ್ತೇನ್ರಿ?”

ಉಪವಾಸ ಅದಕ್ಕೇ ತಾನೇ ಎಂದೆ.

“ಅಯ್ಯ, ನಿಮ್ಮ ಅತ್ತಿಯವ್ರು ಹರಕಿ ಅಂದಿದ್ರಲ್ರಿ. ಮಗನ ಬಿಪಿ ಇಳೀಲಂತ ಸೊಸಿ ಹಾಲು, ಚಹಾ ಸೈತ ಮುಟ್ಟದಂಥ ಉಪಾಸ ಹಿಡದಾಳಂತ. ಓಣಿಗೆಲ್ಲಾ ಗೊತ್ತದ. ಅವತ್ತಿನ ಪೇಡೆ ಅದರದೇ ಅಲ್ಲೇನ್ರಿ?”

ಒಳಗೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಗಂಟೆ ಬಾರಿಸುತ್ತಿದ್ದರು. ಕಸಿದುಕೊಂಡ ಬಸಿ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಇವರ ಅಂಗಿಯನ್ನು ಝಾಡಿಸಿದೆ, ಮತ್ತೆ ಝಾಡಿಸಿದೆ. ಇನ್ನು ನಾನು ಒಂದು ದಿನ ಬೆಳಗ್ಗೆ ಹಸಿದು ಒಂದು ತುತ್ತು ತಿಂದರೂ ಓಣಿ ಲೆಕ್ಕ ಹಾಕುವುದು ಇವರ ಬಿಪಿಯನ್ನು.

ಪಕ್ಕದ ಮನೆಯವರು ಬಟ್ಟೆಯ ರಾಶಿಯನ್ನು ಸೊಂಟಕ್ಕೇರಿಸಿ ಒಳಗೆ ಹೊರಟವರು, ಬಾಗಿಲಲ್ಲಿ ನೆನಪಾದವರಂತೆ ತಿರುಗಿದರು.

“ಬೆಳಿಗ್ಗಿ ಮೆಟ್ಟಿಲ ಮ್ಯಾಲ ಕುಂತು ಕುಡಿತೀರಲ್ರಿ, ಆ ಕರೀ ಕಾಫಿ, ಅದೊಂದೂ ಬಿಟ್ಟುಬಿಡ್ರಿ. ನಿಮ್ಮ ಮನಿಯವ್ರಿಗಿ ಪೂರಾ ಆರಾಮ ಆಗ್ತದ.”